ಭಂಗಾರಕ್ಕೆ ಹಾಕುವ ಮುಂಚೆ: ಹಳೆಯ ತೊಗಲು, ಕುಶನ್ ಹತ್ಯಾರ ಗುರುತಿಸೋದು ಹೇಗೆ

ಹೋದ ಬೇಸಿಗೆಯಲ್ಲಿ ಶಹಾಪುರ ಕಡೆಯ ಒಬ್ಬ ಹುಡುಗಿ ನನ್ನ ಅಂಗಡಿಗೆ ಬಂದಳು. ಕೈಯಲ್ಲಿ ಒಂದು ಸಿಮೆಂಟ್ ಚೀಲ, ಅದರೊಳಗೆ ಗಲಗಲ ಅನ್ನುವ ಕಬ್ಬಿಣ. ಕಲಬುರಗಿ ಸ್ಟೇಷನ್ ಹತ್ತಿರದ ಓಣಿಯಲ್ಲಿ ನನ್ನದೊಂದು ಕುಶನ್ ಅಂಗಡಿ ಇದೆ. ಬೈಕ್ ಸೀಟು, ಆಟೋ ಹುಡ್ಡು, ಟ್ರ್ಯಾಕ್ಟರ್ ಸೀಟು, ಸೋಫಾ, ಏನು ಬಂದರೂ ಮಾಡುತ್ತೇನೆ. ಅಪ್ಪನ ಕಾಲಕ್ಕೆ ಟಾಂಗಾ ಸೀಟು, ಕುದುರೆ ಜೀನು ಜಾಸ್ತಿ.

“ಕಾಕಾ, ಇವೆಲ್ಲ ನಮ್ಮ ಮುತ್ಯಾಂದು. ಭಂಗಾರಕ್ಕ ಹಾಕು ಅಂತ ಮನ್ಯಾಗ ಅನ್ಲಾಕತ್ತಾರ. ಅದಕ್ಕೂ ಮೊದ್ಲ ನೀವೊಮ್ಮೆ ನೋಡ್ರಿ.”

ನಮ್ಮ ಕಡೆ ಗುಜರಿಗೆ ಭಂಗಾರ ಅಂತಾರೆ. ಅಕ್ಷರದ ಹೊಟ್ಟೆ ಸೀಳಿದರೆ ಗುಜರಿ, ಸೀಳದಿದ್ದರೆ ಚಿನ್ನ. ಆ ಚೀಲದಲ್ಲಿ ಎರಡೂ ಇದ್ದವು. ಅವಳ ಮುತ್ಯಾ, ಅಂದರೆ ಅಜ್ಜ, ಹೈದರಾಬಾದಿನಲ್ಲಿ ಜೀನು ಮಾಡುವವರ ಹತ್ತಿರ ಕೆಲಸ ಕಲಿತು, ಆಮೇಲೆ ಊರಿಗೆ ಬಂದು ಚಪ್ಪಲಿಯಿಂದ ಸೋಫಾದವರೆಗೆ ಎಲ್ಲ ಮಾಡಿದವರು. ಹಾಗಾಗಿ ಮೂರು ಕಸುಬಿನ ಹತ್ಯಾರ, ಅಂದರೆ ಉಪಕರಣ, ಒಂದೇ ಚೀಲದಲ್ಲಿ ಕಲಸಿಹೋಗಿದ್ದವು. ಅವತ್ತು ಮೂರು ತಾಸು ಕೂತು ವಿಂಗಡಿಸಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆಯ ಅಟ್ಟದ ಮೇಲೂ ಇಂಥದ್ದೊಂದು ಚೀಲ ಇದ್ದರೆ ಉಪಯೋಗಕ್ಕೆ ಬಂದೀತು.

ಮೊದಲು ತಿಕ್ಕಬೇಡಿ

ಹಳೆ ಕಬ್ಬಿಣ ಕೈಗೆ ಸಿಕ್ಕ ಕೂಡಲೇ ಎಲ್ಲರಿಗೂ ಪಾಲಿಶ್ ಪೇಪರ್ ನೆನಪಾಗುತ್ತದೆ. ಸುಮ್ನೆ ಇರಿ. ಕೊಳೆಯೇ ನಿಮಗೆ ಅರ್ಧ ವಿಷಯ ಹೇಳುತ್ತದೆ. ಹಿಡಿಗೂ ಅಲಗಿಗೂ ನಡುವೆ ಬಿಗಿದ ಹಿತ್ತಾಳೆ ಬಳೆಯ ಸುತ್ತ ಹಸಿರು ಮೇಣದಂಥದ್ದು ಕಟ್ಟಿದ್ದರೆ ಆ ಹತ್ಯಾರ ವರ್ಷಗಟ್ಟಲೆ ತೊಗಲಿನ ಚೀಲದಲ್ಲೋ ತೊಗಲಿನ ಪಕ್ಕದಲ್ಲೋ ಇತ್ತು ಅಂತ ಅರ್ಥ. ತೊಗಲಿನ ಜಿಡ್ಡು ಹಿತ್ತಾಳೆಗೆ ತಾಗಿದರೆ ಹಾಗೆ ಹಸಿರು ಕೂರುತ್ತದೆ. ಅಲಗಿನ ಮೇಲೆ ಕೆಂಪು ತುಕ್ಕಿನ ಬದಲು ಕಪ್ಪು ಕಲೆ ಇದ್ದರೂ ಗಮನಿಸಿ. ಮಾವಿನಕಾಯಿ ಹೆಚ್ಚಿದ ಹಳೆ ಚಾಕು ಕಪ್ಪಾಗುತ್ತದಲ್ವಾ, ಅದೇ ಥರ. ತಂಗಡಿ ತೊಗಟೆಯಲ್ಲಿ ಹದ ಮಾಡಿದ ಒದ್ದೆ ತೊಗಲಿಗೂ ಕಬ್ಬಿಣಕ್ಕೂ ಸೇರಿದರೆ ಕಪ್ಪೇ.

ತಿಕ್ಕಬೇಡಿ ಅಂತ ಯಾಕೆ ಇಷ್ಟು ಹೇಳುತ್ತೇನೆ ಅಂದರೆ, ನಾನೇ ಒಂದು ಕೆಡಿಸಿದ್ದೇನೆ. ಆಗ ನನಗೆ 17 ವರ್ಷ. ಆರಿ ಅಂದರೆ ತೊಗಲು ಚುಚ್ಚಿ ಹೊಲಿಯುವ, ಹಿಡಿ ಇರುವ ಮುಳ್ಳು. ಅಪ್ಪನ ಆರಿಯ ತುದಿಯ ಹತ್ತಿರ ಒಂದು ಸಣ್ಣ ಕಚ್ಚು ಕಂಡಿತು. ಮುರಿದಿದೆ ಅಂದುಕೊಂಡೆ. ಪಕ್ಕದ ವೆಲ್ಡಿಂಗ್ ಅಂಗಡಿಗೆ ಹೋಗಿ ಗ್ರೈಂಡರ್‌ಗೆ ಹಿಡಿದು ನುಣ್ಣಗೆ ಮಾಡಿ ತಂದೆ. ಶಭಾಷ್ ಅಂತಾರೆ ಅಂತ ಆಸೆ ಬೇರೆ. ಅಪ್ಪ ಆರಿಯನ್ನು ಬೆಳಕಿಗೆ ಹಿಡಿದು ನೋಡಿದರು. “ಇದರ ಮೂಗ ಕೊಯ್ದಿಯಲ್ಲೋ” ಅಂದರು, ಅಷ್ಟೇ. ಆರಿ ತೊಗಲಿನೊಳಗೆ ಇಳಿದು, ಕೆಳಗಿರುವ ದಾರವನ್ನು ಆ ಕಚ್ಚಿನಲ್ಲಿ ಸಿಕ್ಕಿಸಿಕೊಂಡು ಮೇಲೆ ತರಬೇಕು. ಕಚ್ಚು ಹೋದ ಮೇಲೆ ಅದು ಬರೀ ಮುಳ್ಳು.

ಇನ್ನೊಂದು ಮಾತು. ಹಿಡಿ ಅಲ್ಲಾಡುತ್ತಿದ್ದರೆ ಮುರಿದಿದೆ ಅಂತ ಎಸೆಯಬೇಡಿ. ನಮ್ಮ ಬಿಸಿಲಿಗೆ ಮರ ಒಣಗಿ ಕುಗ್ಗಿರುತ್ತದೆ. ಅದನ್ನು ಆಮೇಲೆ ಬಿಗಿ ಮಾಡಬಹುದು.

ಬಾಯಿ ನೋಡಿ, ಆಮೇಲೆ ಹೆಸರು ಕೇಳಿ

ಒಂದು ಬಿಳಿ ಚಾದರ ಹಾಸಿ ಎಲ್ಲವನ್ನೂ ಸುರಿದುಕೊಳ್ಳಿ. ಹೆಸರಿಗೆ ತಲೆ ಕೆಡಿಸಿಕೊಳ್ಳಬೇಡಿ. ಒಂದೇ ಹತ್ಯಾರಕ್ಕೆ ಬೀದರಿನಲ್ಲಿ ಒಂದು ಹೆಸರು, ಯಾದಗಿರಿಯಲ್ಲಿ ಇನ್ನೊಂದು, ಹೈದರಾಬಾದಿನಲ್ಲಿ ಕಲಿತು ಬಂದವನ ಬಾಯಲ್ಲಿ ಮತ್ತೊಂದು. ಕೆಲಸ ಮಾಡುವ ತುದಿಗೆ ನಾವು ಬಾಯಿ ಅಂತೀವಿ. ಆ ಬಾಯಿ ಏನು ಮಾಡುತ್ತದೆ ಅಂತಷ್ಟೇ ಕೇಳಿಕೊಳ್ಳಿ. ಕೊಯ್ಯುತ್ತದಾ, ಚುಚ್ಚುತ್ತದಾ, ಗೆರೆ ಎಳೆಯುತ್ತದಾ, ಬಡಿಯುತ್ತದಾ, ಹಿಡಿದು ಎಳೆಯುತ್ತದಾ. ಅದರಂತೆ ಗುಂಪು ಮಾಡಿ.

ಕೊಯ್ಯುವ ಗುಂಪಿನಲ್ಲಿ ಮೊದಲು ಸಿಗೋದು ರಂಪಿಗೆ, ತೊಗಲು ಕೊಯ್ಯುವ ಅಲಗು. ಅಗಲ ಬಾಯಿ, ಗಟ್ಟಿ ಕುತ್ತಿಗೆ, ಗಿಡ್ಡ ಹಿಡಿ. ಇದನ್ನು ಕಳೆ ತೆಗೆಯುವ ಖುರ್ಪಿ ಅಂತ ತಿಳಿದು ಹೊಲಕ್ಕೆ ಒಯ್ದವರನ್ನು ನಾನು ಕಂಡಿದ್ದೇನೆ. ವ್ಯತ್ಯಾಸ ಸುಲಭ. ಖುರ್ಪಿಯ ಕುತ್ತಿಗೆ ಬಾಗಿರುತ್ತದೆ, ಬಾಯಿ ಮೊಂಡು, ಮೈಮೇಲೆ ಮಣ್ಣು ಉಜ್ಜಿದ ಗೀರು. ರಂಪಿಗೆಯ ಬಾಯಿ ಉಗುರಿಗೆ ತಾಗಿಸಿದರೂ ಹಿಡಿಯುವಷ್ಟು ಹರಿತ. ಊರ ಕಂಬಾರನ ಕೈಯದ್ದಾದರೆ ಅಲಗಿನ ಮೇಲೆ ಸಣ್ಣ ಅಡ್ಡಗೆರೆಗಳು ಕಾಣಬಹುದು. ಹಳೆ ಅರವನ್ನು ಬಡಿದು ಮಾಡಿದ್ದಕ್ಕೆ ಅದು ಗುರುತು. ಗಾಡಿಯ ಪಾಟಾ, ಅಂದರೆ ಸ್ಪ್ರಿಂಗ್ ಪಟ್ಟಿ, ಬಡಿದು ಮಾಡಿದ್ದೂ ಇರುತ್ತದೆ.

ಅರ್ಧಚಂದ್ರದ ಕತ್ತಿ ಬೇರೆ. ಕರಿಗಡುಬಿನ ಆಕಾರದ ಅಲಗು, ನಡುವಿನಿಂದ ಎದ್ದ ಹಿಡಿ. ಜೀನು ಮಾಡುವವರು ಇದನ್ನು ತೊಟ್ಟಿಲಿನಂತೆ ಹೊರಳಿಸುತ್ತಾ ಕೊಯ್ಯುತ್ತಾರೆ. ಅಂಚು ತೆಳ್ಳಗೆ ಮಾಡುವಾಗ ಅದರ ಕೊಂಬಿನ ಕಡೆ ಬಳಸುತ್ತಾರೆ. ಹುಡುಗಿಯ ಚೀಲದಲ್ಲಿದ್ದ ಕತ್ತಿಯ ಚಂದ್ರ ಸಣ್ಣಗಾಗಿ ಚೌತಿ ಚಂದ್ರವೇ ಆಗಿತ್ತು. ಕೊರತೆ ಅಲ್ಲ ಅದು. ಮಸೆದು ಮಸೆದು ಕರಗಿದ್ದು. ಅಷ್ಟು ಮಸೆದಿದ್ದಾರೆ ಅಂದರೆ ಒಳ್ಳೇ ಉಕ್ಕು ಅಂತಲೇ ತಿಳಿಯಿರಿ.

ಇನ್ನು ಲಾಳ ಕಟ್ಟುವವರ ಗೊರಸಿನ ಚಾಕು. ತುದಿ ಸುರುಳಿಯಾಗಿ ಮಡಚಿರುತ್ತದೆ. ಅದು ಈ ಕಸುಬಿನದ್ದಲ್ಲ, ಬದಿಗಿಡಿ.

ಚೀಲದಲ್ಲಿ ಒಂದು ಪಿಸ್ತೂಲಿನಂಥ ಸಾಮಾನು ಇತ್ತು. ಹಿತ್ತಾಳೆ ಮೈ, ಮೇಲೊಂದು ಅಳತೆಪಟ್ಟಿ, ಅದರ ಮೇಲೆ ಜಾರುವ ಗೋಡೆ, ಎದುರಿಗೆ ನಿಂತ ಸಣ್ಣ ಅಲಗು. “ಇದೇನ ಕಾಕಾ, ಆಟಿಗಿ ಸಾಮಾನೇನು?” ಅಂದಳು. ತೊಗಲಿನಿಂದ ಒಂದೇ ಅಗಲದ ಪಟ್ಟಿ ಸೀಳುವ ಹತ್ಯಾರ ಅದು. ಗೋಡೆಯನ್ನು ಬೇಕಾದ ಅಳತೆಗೆ ಬಿಗಿದು, ತೊಗಲಿನ ಅಂಚಿಗೆ ಒತ್ತಿ, ಮುಂದೆ ತಳ್ಳುತ್ತಾ ಹೋದರೆ ಪಟ್ಟಿ ತಾನೇ ಬಿಡುತ್ತಾ ಬರುತ್ತದೆ. ಕುದುರೆ ಲಗಾಮು, ಎತ್ತಿನ ಕೊರಳಪಟ್ಟಿ, ಎಲ್ಲದಕ್ಕೂ ಬೇಕು. ಇಂಥದ್ದು ಸಿಕ್ಕರೆ ಅಲಗು ಇಲ್ಲದಿದ್ದರೂ ಬಿಡಬೇಡಿ. ಅಲಗು ಮಾಡಿಸಬಹುದು, ಮೈ ಮಾಡಿಸೋದು ಕಷ್ಟ.

ಸಾಬೂನಿನ ಪರೀಕ್ಷೆ

ಚುಚ್ಚುವ ಗುಂಪಿನಲ್ಲೇ ಗೊಂದಲ ಜಾಸ್ತಿ. ದೂರದಿಂದ ಎಲ್ಲ ಒಂದೇ ಮುಳ್ಳು. ಕಣ್ಣಿಗೆ ಕಾಣದ್ದು ಸಾಬೂನಿಗೆ ಕಾಣುತ್ತದೆ. ಬಟ್ಟೆ ತೊಳೆಯುವ ಬಾರ್ ಸೋಪನ್ನು ಸ್ವಲ್ಪ ಒದ್ದೆ ಮಾಡಿ, ಒಂದೊಂದನ್ನೂ ನೆಟ್ಟಗೆ ಅರ್ಧ ಇಂಚು ಚುಚ್ಚಿ ತೆಗೆಯಿರಿ. ಉಳಿದ ತೂತಿನ ಆಕಾರ ನೋಡಿ.

ತೂತು ಇಸ್ಪೀಟಿನ ಡೈಮಂಡ್ ಆಕಾರದಲ್ಲಿದ್ದರೆ ಅದು ಜೀನುಗಾರರ ಹೊಲಿಗೆ ಆರಿ. ಎರಡು ಸೂಜಿ ಹಾಕಿ ಹೊಲಿಯುವವರದ್ದು. ಬರೀ ದುಂಡಗಿದ್ದರೆ ಗುರುತು ಹಾಕುವ ಮುಳ್ಳು. ತೆಗೆಯುವಾಗ ಒಂದು ಕಡೆ ಸಾಬೂನು ಕಿತ್ತು ಬಂತಾ? ಹಾಗಾದರೆ ತುದಿಯಲ್ಲಿ ಕಚ್ಚು ಇದೆ, ನಾನು ಮೂಗು ಕೊಯ್ದ ಜಾತಿಯದ್ದು. ರಸ್ತೆ ಬದಿ ಚಪ್ಪಲಿ ಹೊಲಿಯುವವರ ಕೈಯಲ್ಲಿ ಇವತ್ತಿಗೂ ಇದೇ ಇರೋದು. ಮೈ ಬಾಗಿ ಚಂದ್ರನ ಹಾಗಿದ್ದರೆ ಅಟ್ಟೆಯ ಅಂಚಿನಲ್ಲಿ ಒಳಗಿನಿಂದ ಹೊರಗೆ ಚುಚ್ಚುವ ಆರಿ. ಸೊಟ್ಟಗಾಗಿದೆ ಅಂತ ಬಡಿದು ನೆಟ್ಟಗೆ ಮಾಡೀರಿ ಮತ್ತೆ.

ಕೈಯುಳಿ ಅಂತ ಹಿರಿಯರು ಅನ್ನುತ್ತಿದ್ದದ್ದು ಇವಕ್ಕೇ. 12ನೇ ಶತಮಾನದ ಮಾದಾರ ಚೆನ್ನಯ್ಯನವರ ವಚನದ ಅಂಕಿತದಲ್ಲಿ ಕೈಯುಳಿ, ಕತ್ತಿ, ಅಡಿಗುಂಟ ಮೂರೂ ಬರುತ್ತವೆ. ಹೆಸರು ಹುಡುಕುವವರಿಗೆ ಅಷ್ಟು ಹಳೆಯ ಪಟ್ಟಿ ಬೇರೆಲ್ಲಿ ಸಿಗಬೇಕು?

ಈಗ ಉದ್ದನೆಯವು. ಒಂದು ಗೇಣು ಉದ್ದದ ಉಕ್ಕಿನ ಸಲಾಕೆ, ಒಂದು ತುದಿ ಚೂಪು, ಇನ್ನೊಂದು ತುದಿ ಚಮಚದ ಹಿಡಿಯಂತೆ ಚಪ್ಪಟೆ. ಇದು ಸೋಫಾದವರ ಹತ್ಯಾರ. ಬಟ್ಟೆಯ ಮೇಲಿನಿಂದ ಚುಚ್ಚಿ, ಒಳಗಿನ ನಾರನ್ನು ಆಚೀಚೆ ತಳ್ಳಿ ತಗ್ಗು ತುಂಬಿಸುತ್ತಾರೆ. ಚಪ್ಪಟೆ ತುದಿಯಿಂದ ಮೂಲೆಯ ಮಡಿಕೆ ಒಳಗೆ ತುರುಕುತ್ತಾರೆ. ಫೋಮ್ ಬಂದ ಮೇಲೆ ಇದರ ಕೆಲಸ ಕಡಿಮೆಯಾಯಿತು. ನಾನು ಮಾತ್ರ ಇವತ್ತಿಗೂ ಮೂಲೆಗೆ ಇದನ್ನೇ ಬಳಸುತ್ತೇನೆ.

ಆದರೆ ಕಲಬುರಗಿಯಲ್ಲಿ ಒಂದು ಮೋಸ ಇದೆ. ನಮ್ಮದು ತೊಗರಿಯ ಊರು. ತೊಗರಿ ಮೂಟೆಗೆ ಚುಚ್ಚಿ ಕಾಳಿನ ಮಾದರಿ ತೆಗೆಯುವ ಸಲಾಕೆಯೂ ಇಷ್ಟೇ ಉದ್ದ, ಇಷ್ಟೇ ಚೂಪು. ಅದರ ಹೊಟ್ಟೆ ಟೊಳ್ಳು, ಕಾಳು ಜಾರಿ ಬರಲು ಕಾಲುವೆ ಇರುತ್ತದೆ. ಸೋಫಾದ್ದು ಗಟ್ಟಿ ಮೈ. ಮೂಟೆ ಹೊಲಿಯುವ ದಬ್ಬಣಕ್ಕೆ ಚೂಪು ತುದಿಯ ಹತ್ತಿರವೋ ಹಿಂದೆಯೋ ಕಣ್ಣು ಇರುತ್ತದೆ, ಮೈ ಗಿಡ್ಡ. ಆ ಚೀಲದಲ್ಲಿ ಮೂರೂ ಇದ್ದವು ಅಂದರೆ ನಂಬಿ. ಮುತ್ಯಾ ಅಡತಿ ಅಂಗಡಿಯಲ್ಲೂ ಸ್ವಲ್ಪ ದಿನ ಕೂತಿದ್ದರಂತೆ.

ಎರಡೂ ಕಡೆ ಚೂಪಿದ್ದು ಒಂದು ಕಡೆ ಕಣ್ಣಿರುವ ಉದ್ದ ಸೂಜಿ ಗಾದಿ, ಸೋಫಾ ಹೊಲಿಯೋದಕ್ಕೆ. ಪೂರ್ತಿ ಎಳೆದು ತೆಗೆಯದೇ ಅಲ್ಲಿಂದಲೇ ಹಿಂದಕ್ಕೆ ತಿರುಗಿಸಬಹುದು, ಅದಕ್ಕೇ ಎರಡು ಮೂತಿ. ಅರ್ಧ ಬಳೆಯಂಥ ಸೂಜಿ ಹಿಂಬದಿಗೆ ಕೈ ಹೋಗದ ಕಡೆ ಹೊಲಿಯೋದಕ್ಕೆ.

ಗುರುತು ಹಾಕುವವು

ಫೋರ್ಕಿನಂಥ ಒಂದು ಉಳಿ ಸಿಗುತ್ತದೆ. ಹಲ್ಲುಗಳು ಸಾಲಾಗಿ, ಆದರೆ ಒಂದೊಂದೂ ಸ್ವಲ್ಪ ಓರೆ. ಹೊಲಿಗೆ ಎಲ್ಲಿ ಬೀಳಬೇಕು ಅಂತ ತೊಗಲಿನ ಮೇಲೆ ಚುಕ್ಕೆ ಒತ್ತುವ ಉಳಿ ಇದು. ಹಳೆಯದಾದರೆ ತೂತು ಪೂರ್ತಿ ಬೀಳುವುದಿಲ್ಲ, ಗುರುತಷ್ಟೇ. ತೂತು ಆರಿಯ ಕೆಲಸ. ಮೈಮೇಲೆ 8 ಅಂತಲೋ 10 ಅಂತಲೋ ಕೊರೆದಿದ್ದರೆ ಅದು ಒಂದು ಇಂಚಿಗೆ ಎಷ್ಟು ಹೊಲಿಗೆ ಅನ್ನೋ ಲೆಕ್ಕ. ಅಂಕಿ ಅಳಿಸಿಹೋಗಿದ್ದರೆ ಸಾಬೂನಿನ ಮೇಲೆ ಒತ್ತಿ, ಸ್ಕೇಲ್ ಇಟ್ಟು ಎಣಿಸಿ. ಹೊಸ ಆನ್‌ಲೈನ್ ಸೆಟ್ಟುಗಳಲ್ಲಿ ಮಿಲಿಮೀಟರ್ ಲೆಕ್ಕ, 3 ಅಥವಾ 4 ಅಂತಿರುತ್ತದೆ. ಹಳೆಯದಕ್ಕೂ ಹೊಸದಕ್ಕೂ ಅದೇ ಒಂದು ಸುಳಿವು.

ಹಿಡಿಯ ತುದಿಯಲ್ಲಿ ಹಲ್ಲಿನ ಗಾಲಿ ಇರುವ ಹತ್ಯಾರವೂ ಅದೇ ಕೆಲಸಕ್ಕೆ. ಇದನ್ನು ಅಡುಗೆಮನೆಗೆ ಒಯ್ಯಬೇಡಿ. ಕರ್ಚಿಕಾಯಿ ಅಂಚು ಕತ್ತರಿಸುವ ಗಾಲಿ ತೆಳ್ಳಗೆ, ಅಂಚು ಅಲೆ ಅಲೆ. ತೊಗಲಿನ ಗಾಲಿ ದಪ್ಪ, ಹಲ್ಲು ಬಿಡಿಬಿಡಿ, ಗಾಲಿಯ ಮೈಮೇಲೆ ಅಂಕಿ. ಕೆಲವದರಲ್ಲಿ ಸ್ಕ್ರೂ ಬಿಚ್ಚಿ ಗಾಲಿ ಬದಲಿಸಬಹುದು.

ಮುರಿದ ಕತ್ತರಿಯಂತೆ ಎರಡು ತುಟಿ, ನಡುವೆ ಒಂದು ಸ್ಕ್ರೂ, ಎಲ್ಲೂ ಹರಿತ ಇಲ್ಲ. ಇಂಥದ್ದು ಕಂಡರೆ ತುದಿಯ ಬಣ್ಣ ನೋಡಿ. ನೀಲಿಗಪ್ಪು ಇದ್ದರೆ ಕಾಯಿಸಿ ಬಳಸಿದ್ದು. ತೊಗಲಿನ ಅಂಚಿಗೆ ಸಮಾನವಾಗಿ ಒಂದು ಗೆರೆ ಸುಡುವ ಹತ್ಯಾರ. ಬೆಲ್ಟಿನ ಅಂಚಿನಲ್ಲಿ ಕಾಣುವ ಗೆರೆ ಇದರದ್ದೇ.

ಬೀದರ್ ಕಡೆಯ ಚೀಲವಾದರೆ ಇನ್ನೊಂದು ಎಚ್ಚರ. ಬಿದರಿ ಕೆಲಸದವರ ಸಣ್ಣ ಉಕ್ಕಿನ ಕಲಮ್‌ಗಳು ತೊಗಲಿಗೆ ಅಚ್ಚು ಹೊಡೆಯುವ ಮೊಳೆಗಳ ಜೊತೆ ಕಲಸಿರುತ್ತವೆ. ಎರಡಕ್ಕೂ ಮರದ ಹಿಡಿ ಇಲ್ಲ, ಎರಡರ ತಲೆಗೂ ಸುತ್ತಿಗೆ ಪೆಟ್ಟು. ಬಾಯಿ ನೋಡಿ. ಬಿದರಿಯದ್ದು ಲೋಹ ಕೊರೆಯಲು ಹರಿತ. ತೊಗಲಿನ ಅಚ್ಚಿನ ಬಾಯಲ್ಲಿ ಹೂವೋ ಗೆರೆಯೋ ಇರುತ್ತದೆ, ಅಂಚು ನುಣ್ಣಗೆ. ಹರಿತ ಇದ್ದರೆ ತೊಗಲು ಹರಿದುಹೋಗುತ್ತದಲ್ಲ.

ಬಡಿಯುವವು, ಎಳೆಯುವವು

ಚಪ್ಪಲಿಯವರ ಸುತ್ತಿಗೆಯ ಮುಖ ಅಗಲ, ದುಂಡಗೆ, ಸ್ವಲ್ಪ ಉಬ್ಬು. ಬಡಿದರೆ ತೊಗಲಿನ ಮೇಲೆ ಅಂಚಿನ ಗುರುತು ಬೀಳಬಾರದು, ಅದಕ್ಕೆ. ಸೋಫಾದವರ ಸುತ್ತಿಗೆ ತದ್ವಿರುದ್ಧ. ತಲೆ ಸಪೂರ, ಉದ್ದ, ಸ್ವಲ್ಪ ಬಾಗು, ಮುಖ ಹತ್ತು ಪೈಸೆಗಿಂತ ಸಣ್ಣದು. ಒಂದು ಮುಖ ನಡುವೆ ಸೀಳಿರುತ್ತದೆ. ಒಡೆದಿದೆ ಅಂತ ತಿಳಿಯಬೇಡಿ. ಒಂದು ಸಣ್ಣ ಮೊಳೆ ಹಿಡಿದು ನೋಡಿ, ಅಂಟುತ್ತದೆ. ಅಯಸ್ಕಾಂತ. ಹಳೆಯದಾದರೆ ಸೆಳೆತ ಕಡಿಮೆಯಾಗಿರುತ್ತದೆ, ಗುಂಡುಪಿನ್ ಆದರೂ ಹಿಡಿಯುತ್ತದೆ.

ಅಪ್ಪ ಮುಷ್ಟಿ ಮೊಳೆ ಬಾಯಿಗೆ ಹಾಕಿಕೊಂಡು ಕೆಲಸಕ್ಕೆ ಕೂರುತ್ತಿದ್ದರು. ನಾಲಿಗೆಯಿಂದ ಒಂದೊಂದೇ ಮೊಳೆ ತಲೆ ಮುಂದಾಗಿ ತುಟಿಗೆ ತರೋದು, ಸುತ್ತಿಗೆಯ ಸೀಳು ಮುಖ ತಾಗಿಸೋದು, ಮೊಳೆ ಅಂಟಿತು. ಒಂದು ಪೆಟ್ಟಿಗೆ ಮರಕ್ಕೆ ನಿಲ್ಲಿಸಿ, ಸುತ್ತಿಗೆ ತಿರುಗಿಸಿ ಇನ್ನೊಂದು ಮುಖದಿಂದ ಹೊಡೆದು ಮುಗಿಸೋದು. ಎಡಗೈ ಬಟ್ಟೆ ಬಿಡುವಂತಿಲ್ಲ, ಅದಕ್ಕೇ ಈ ಏರ್ಪಾಟು. ಗಿರಾಕಿ ಏನೇ ಕೇಳಿದರೂ “ಹ್ಞೂಂ, ಹ್ಞೂಂ” ಅಷ್ಟೇ ಉತ್ತರ. ರೇಟಿನ ವಿಷಯದಲ್ಲೂ ಹ್ಞೂಂ ಅಂದು ನಷ್ಟ ಮಾಡಿಕೊಂಡಿದ್ದಿದೆ. ನೀವು ಇದನ್ನು ಮಾಡಿ ನೋಡಬೇಡಿ. ಈಗ ನನ್ನ ಹತ್ತಿರ ಕಂಪ್ರೆಸರ್, ಸ್ಟೇಪಲ್ ಗನ್ ಇದೆ.

ಸ್ಕ್ರೂಡ್ರೈವರ್‌ನಂಥದ್ದು, ಆದರೆ ತುದಿಯಲ್ಲಿ ಹಾವಿನ ನಾಲಿಗೆಯಂಥ ಸೀಳು ಇದ್ದರೆ ಹಳೆ ಮೊಳೆ ಕೀಳುವ ಉಳಿ. ಸೀಳಿಲ್ಲದ್ದೂ ಇದೆ. ಆಗ ಹಿಡಿಯ ತಲೆ ನೋಡಿ. ಮರದ ಸುತ್ತಿಗೆಯ ಪೆಟ್ಟು ತಿಂದು ಅಣಬೆಯಂತೆ ಅರಳಿದ್ದರೆ ಅದೇ.

ಇಕ್ಕಳಗಳಲ್ಲಿ ಮೂರು ಬಗೆ. ದವಡೆ ಕಿರಿದಾಗಿ, ಕೊಕ್ಕಿನಂತೆ ಬಾಗಿ, ಕೆಳಗೊಂದು ಸಣ್ಣ ಸುತ್ತಿಗೆ ಮುಖ ಇದ್ದರೆ ಬೂಟಿನವರದ್ದು. ತೊಗಲನ್ನು ಫರ್ಮಾದ, ಅಂದರೆ ಪಾದದ ಆಕಾರದ ಅಚ್ಚಿನ, ಮೇಲೆ ಎಳೆದು, ಅದೇ ಕೈಯಲ್ಲಿ ಮೊಳೆ ಬಡಿಯುತ್ತಾರೆ. ದವಡೆ ಎರಡು ಮೂರು ಇಂಚು ಅಗಲ, ಒಳಗೆ ಗೆರೆಗಳು, ಕೆಳಗೆ ಗಡ್ಡದಂಥ ಉಬ್ಬು ಇದ್ದರೆ ಸೋಫಾದವರದ್ದು. ಆ ಗಡ್ಡವನ್ನು ಚೌಕಟ್ಟಿಗೆ ಊರಿ ಮೀಟಿದರೆ ಬಟ್ಟೆ ಬಿಗಿಯುತ್ತದೆ. ದವಡೆ ಎರಡೂ ಹರಿತವಾಗಿ ಕೂಡಿದ್ದರೆ ಲಾಳದವರದ್ದು.

ಕೊನೆಗೆ ಉಳಿದದ್ದು ಒಂದು ಮರದ ತುಂಡು. ಕ್ರಿಕೆಟ್ ಬ್ಯಾಟಿನ ಮರಿಯಂತೆ.

“ಇದು ಅರಿಬಿ ಒಗಿಯೋ ಕೋಲ್ರಿ ಕಾಕಾ. ನಮ್ಮಾಯಿ ದಿನಾ ಇದ್ರಾಗೇ ಒಗೀತಾಳ.”

“ಹಂಗಾರ ನಡುವ ಈ ಸೀಳು ಯಾಕವ್ವ? ಅರಿಬಿ ಒಗಿಯೋ ಕೋಲಿಗೆ ಕಿಟಕಿ ಬೇಕೇನು?”

ಅವಳು ನಕ್ಕಳು. ಸೀಳಿನ ಪಕ್ಕದಲ್ಲಿ ಒಂದು ಸಣ್ಣ ತೂತಿತ್ತು. ಅಲ್ಲಿ ದಾರ ಕಟ್ಟಿ ಒಂದು ಗೂಟ ಜೋತುಬಿಟ್ಟಿರುತ್ತಾರೆ. ಆ ಗೂಟ ಎಂದೋ ಕಳೆದುಹೋಗಿತ್ತು. ಮಂಚಕ್ಕೆ ನಿವಾರ ಬಿಗಿದ ಹಾಗೆ ಸೋಫಾದ ತಳಕ್ಕೆ ಸೆಣಬಿನ ಪಟ್ಟಿ ಬಿಗಿಯಬೇಕು. ಪಟ್ಟಿಯನ್ನು ಮಡಿಚಿ ಸೀಳಿನಲ್ಲಿ ತೂರಿಸಿ, ಆಚೆ ಬಂದ ಮಡಿಕೆಯಲ್ಲಿ ಗೂಟ ಸಿಕ್ಕಿಸಿ, ಹಲಗೆಯ ತುದಿಯನ್ನು ಚೌಕಟ್ಟಿಗೆ ಊರಿ ಕೆಳಗೆ ಒತ್ತಿದರೆ ಪಟ್ಟಿ ತಬಲಾದಂತೆ ಟಣ್ ಅನ್ನುತ್ತದೆ. ಅಂಗಡಿಯಲ್ಲಿದ್ದ ಸ್ಕ್ರೂಡ್ರೈವರನ್ನೇ ಗೂಟ ಮಾಡಿ ತೋರಿಸಿದೆ. ಅವಳು ಬೆರಳಿಂದ ಬಾರಿಸಿ ನೋಡಿದಳು.

ಮುದ್ರೆ, ಮತ್ತು ಒರೆಸೋದು

ಗುಂಪು ಆದ ಮೇಲಷ್ಟೇ ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ. ರಾತ್ರಿ ಲೈಟ್ ಆರಿಸಿ, ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿಯಿರಿ. ಹಗಲಲ್ಲಿ ಕಾಣದ ಅಕ್ಷರ ಎದ್ದು ಕಾಣುತ್ತದೆ. ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರೂ ಸರಿ. ಹಿಡಿಯ ಬಳೆಯ ಹತ್ತಿರ, ಅಲಗಿನ ಬುಡದಲ್ಲಿ ಹುಡುಕಿ. ವಾಲ್ಸಾಲ್ ಅಂತಿದ್ದರೆ ಇಂಗ್ಲೆಂಡಿನ ಜೀನುಗಾರರ ಊರು. ಶೆಫೀಲ್ಡ್ ಅಂತಿದ್ದರೆ ಉಕ್ಕಿನ ಊರು, ಜಾರ್ಜ್ ಬಾರ್ನ್ಸ್‌ಲಿ ಕಂಪನಿಯ ಚಪ್ಪಲಿ ಹತ್ಯಾರಗಳು ಅಲ್ಲಿಯವೇ. ಸಿ.ಎಸ್. ಆಸ್ಬೋರ್ನ್ ಅಂತಿದ್ದರೆ ಅಮೆರಿಕದ್ದು, 1826ರಿಂದ ಇರುವ ಕಂಪನಿ. ಮುದ್ರೆಯಿಲ್ಲ ಅಂತ ಬೇಸರ ಬೇಡ. ಜಾಲಿ ಮರದ ಹಿಡಿ ಹಾಕಿದ ಕಂಬಾರನ ರಂಪಿಗೆಯಷ್ಟು ಚೆನ್ನಾಗಿ ಧಾರೆ ಹಿಡಿಯುವ ಇಂಗ್ಲಿಷ್ ಕತ್ತಿ ನಾನಂತೂ ಕಂಡಿಲ್ಲ.

ಉಕ್ಕಿಗೆ ಹೊಲಿಗೆ ಮಷಿನ್ ಎಣ್ಣೆ. ಮರದ ಹಿಡಿಗೆ ಅಗಸೆ ಎಣ್ಣೆ, ನಮ್ಮ ಕಡೆ ಸುಲಭವಾಗಿ ಸಿಗುತ್ತದೆ. ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆಯ ಬಟ್ಟೆ ತಾನೇ ಕಾದು ಹೊತ್ತಿಕೊಳ್ಳಬಹುದು. ಬಿಡಿಸಿ ಹೊರಗೆ ಒಣಹಾಕಿ. ಇಡುವಾಗ ತೊಗಲಿನ ಒರೆಯಲ್ಲಿ ಇಡಬೇಡಿ, ತೇವ ಹಿಡಿಯುತ್ತದೆ. ಕಾಟನ್ ಬಟ್ಟೆ ಸಾಕು.

ಸಂಜೆಗೆ ಭಂಗಾರದ ಗುಂಪಿನಲ್ಲಿ ಉಳಿದದ್ದು ಎರಡು ಬಾಗಿಲ ಚಿಲಕ, ಒಂದು ಸೈಕಲ್ ಪೆಡಲ್, ತುಕ್ಕಿಗೆ ಕರಗಿದ ಒಂದು ಪಕ್ಕಡ್. ತೊಗರಿ ಸಲಾಕೆಯನ್ನು ಅಡತಿ ಅಂಗಡಿಯವರಿಗೆ ಕೊಡುತ್ತೇನೆ ಅಂದಳು. ಹಲಗೆಯನ್ನು ಆಯಿ ಬಿಡೋದಿಲ್ಲ, ಅದು ಒಗೆಯೋ ಕಲ್ಲಿನ ಹತ್ತಿರಕ್ಕೇ ವಾಪಸ್. ಕಚ್ಚಿರುವ ಆರಿಯೊಂದನ್ನು ಮಾತ್ರ ಎರಡು ದಿನಕ್ಕೆ ಕೇಳಿ ಇಟ್ಟುಕೊಂಡೆ. ಛತ್ರಿ ಕಡ್ಡಿಯೊಂದನ್ನು ತೇದು, ಅದರ ಪಕ್ಕದಲ್ಲೇ ಹಿಡಿದು ನೋಡುತ್ತಾ, ಅಪ್ಪನ ಹಿಡಿಗೆ ಹೊಸ ಮೂಗು ಮಾಡಿದೆ. ಮೂರನೇ ಸಲಕ್ಕೆ ದಾರ ಹಿಡಿಯಿತು.